ಮೂಲೆ ಬಿಡದ ಕೈ

ಊರಿನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಗ್ಯಾಲರಿಯ ಹಿಂಬಾಗಿಲಿನಿಂದ ಒಳಬಂದ ಆಕೆ ಚಪ್ಪಲಿ ಕಳಚಿ, ತೋಳು ಮಡಚಿ, ಬಕೆಟ್ಟಿಗೆ ನೀರು ಬಿಡುತ್ತಾಳೆ. ಗೋಡೆಗಳ ಮೇಲೆ ರೆಕ್ಕೆ ಬಂದ ಮೇಜು, ಹೊಟ್ಟೆಯೊಳಗೆ ಮಳೆ ಸುರಿಯುತ್ತಿರುವ ಕೋಟು, ಮೀನು ಮಲಗಿರುವ ಮಂಚ. ಕನಸಿಗೂ ಎಚ್ಚರಕ್ಕೂ ಜಗಳ ಹಚ್ಚಿ ಹೆಸರು ಮಾಡಿದ ಸರ್ರಿಯಲಿಸ್ಟ್ ಚಿತ್ರಕಾರನೊಬ್ಬನ ಜೀವಮಾನದ ಕೆಲಸವೆಲ್ಲ, ಆತ ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ, ಒಂದೇ ಸೂರಿನಡಿ ಬಂದು ಸೇರಿದೆ. ನಿನ್ನೆ ಸಂಜೆಗೆ ಪ್ರದರ್ಶನ ಮುಗಿದಿದೆ. ಇವತ್ತು ಚಿತ್ರಗಳನ್ನೆಲ್ಲ ಇಳಿಸಿ ಪೆಟ್ಟಿಗೆಗೆ ತುಂಬುತ್ತಾರೆ.

ಜೊತೆಯ ಕೆಲಸದವರು ಕೋಣೆಯ ನಡುವಿನಿಂದ ನೆಲ ಒರೆಸಲು ಶುರು ಮಾಡಿದರೆ ಈಕೆ ಮಂಡಿಯೂರುವುದು ಮೂಲೆಯಲ್ಲಿ. ಕೋಲು ಕಟ್ಟಿದ ಬಟ್ಟೆ ಮೂಲೆಗೆ ಹೋಗುವುದಿಲ್ಲವೆಂದು ಕೈಯಲ್ಲೇ ಒರೆಸುತ್ತಾಳೆ. ಅದಕ್ಕೇ ಎಲ್ಲರ ಬಾಯಲ್ಲೂ ಈಕೆ ಮೂಲೆಯಕ್ಕ. ಹಾಜರಿ ಕೂಗುವವನಿಗೂ ನಿಜವಾದ ಹೆಸರು ಮರೆತುಹೋಗಿದೆ.

"ನಡುಮಧ್ಯದ ನೆಲ ನಾಕು ಜನ ಓಡಾಡಿದ್ರೆ ತಾನೇ ಹೊಳೆಯುತ್ತೆ ಬಿಡಿ. ಪಾಪ, ಮೂಲೆಗೆ ಯಾರು ದಿಕ್ಕು?" ಎಂದು ನಗುತ್ತಾಳೆ. ನಗು ಮುಗಿಯುವುದರೊಳಗೆ ಮಂಡಿ ನೋವು ಬಂದು ಮುಖ ಕಿವುಚಿಕೊಳ್ಳುತ್ತದೆ. ಈ ಮಂಡಿಗಳಿಗೆ ಎರಡೂ ಹೊತ್ತು ಎಣ್ಣೆ ತಿಕ್ಕಿದರೂ ಅವು ಆಕೆಯ ಮಾತು ಕೇಳುವ ಕಾಲ ಹೋಯಿತು. ಗಂಡ ಕಣ್ಣುಮುಚ್ಚಿದ ಮೇಲೆ ಮಗಳನ್ನು ಓದಿಸಿ ಮದುವೆ ಮಾಡಿದ್ದೆಲ್ಲ ಇದೇ ಮಂಡಿಗಳ ಮೇಲೆ. ಗ್ಯಾಲರಿಯಲ್ಲಿ ಇಷ್ಟು ವರ್ಷ ದುಡಿದರೂ ಆಕೆ ಇನ್ನೂ ಹಂಗಾಮಿ. ನಾಳೆ ಬರಬೇಡ ಅಂದರೆ ಮುಗಿಯಿತು.

ನಾಲ್ಕನೇ ಕೋಣೆಗೆ ಬಂದಾಗ ಬಟ್ಟೆ ಹಿಂಡಿಟ್ಟು ಎದ್ದು ನಿಲ್ಲುತ್ತಾಳೆ. ಎದುರಿಗೆ ಆಳೆತ್ತರದ ಚಿತ್ರ. ನೀಲಿ ಬಟ್ಟೆಯುಟ್ಟ ಹೆಂಗಸು, ಪಕ್ಕದಲ್ಲಿ ತಗಡಿನ ಬಕೆಟ್ಟು, ತೊಡೆಯ ಮೇಲೆ ಕೈ. ಕಿರುಬೆರಳು ಒಳಕ್ಕೆ ಡೊಂಕಾಗಿದೆ. ಮುಖವಿರಬೇಕಾದ ಕಡೆ ಮುಚ್ಚಿದ ಬಾಗಿಲು, ಬಾಗಿಲಿಗೊಂದು ಚಿಲಕ.

"ಇವಳು ನಮ್ಮಮ್ಮ," ಎನ್ನುತ್ತಾಳೆ, ಮನೆಗೆ ಬಂದವರಿಗೆ ಪರಿಚಯ ಮಾಡಿಸುವ ಹಾಗೆ. ಆಮೇಲೆ ತನ್ನ ಕಿರುಬೆರಳನ್ನೂ ತೋರಿಸುತ್ತಾಳೆ. ಅದೂ ಡೊಂಕು.

ಅಮ್ಮ ಆ ಚಿತ್ರಕಾರನ ಮನೆಯಲ್ಲಿ ಕಸಮುಸುರೆ ಮಾಡುತ್ತಿದ್ದವಳು. ಮಗಳಿಗೆ ಆರು ತುಂಬುವುದರೊಳಗೆ ಜ್ವರದಲ್ಲಿ ಹೋಗಿಬಿಟ್ಟಳು. ಸಾಕಿದವಳು ದೊಡ್ಡಮ್ಮ. ಅಮ್ಮನ ಫೋಟೊ ಒಂದೂ ಇಲ್ಲ.

"ಹೊಟ್ಟೆಗೇ ಇಲ್ಲದಾಗ ಫೋಟೊ ಎಲ್ಲಿಂದ ಬರ್ಬೇಕು? ಕೈ ನೆನಪಿದೆ. ಸೋಪಿನ ವಾಸನೆ ನೆನಪಿದೆ. ಅವಳ ಜೊತೆ ಕೆಲಸಕ್ಕೆ ಹೋಗಿ ನಾನೂ ನೆಲ ಒರೆಸ್ತೀನಿ ಅಂತ ಹಟ ಮಾಡಿದ್ರೆ, ‘ಮೂಲೆ ಬಿಡಬೇಡ ಕಣೇ’ ಅಂತ ಗದರ್ತಿದ್ದ ದನಿ ನೆನಪಿದೆ. ಮುಖ ಮಾತ್ರ ಏನ್ ಮಾಡಿದ್ರೂ ಬರಲ್ಲ."

ಆ ಮುಖ ಹೋದ ಕತೆಯನ್ನು ದೊಡ್ಡಮ್ಮ ಹೇಳಿ ಸತ್ತಿದ್ದಾಳೆ. ಚಿತ್ರಕಾರ ಮೊದಲು ಅಮ್ಮನ ಮುಖವನ್ನು ಇದ್ದಂತೆಯೇ ಬರೆದಿದ್ದನಂತೆ. ಬರೆದವನು ಸುಮ್ಮನಿರಬಾರದೇ? ಕಿವಿಯಿಂದ ಮೂಗಿನವರೆಗೆ ಒಂದು ಜೇಡರ ಬಲೆಯನ್ನೂ ಎಳೆದಿಟ್ಟ. ಮಾರನೇ ಬೆಳಿಗ್ಗೆ ಅಮ್ಮ ಬಂದು ನೋಡುತ್ತಾಳೆ, ಸಾಹೇಬರ ಹೊಸ ಚಿತ್ರಕ್ಕೆ ಬಲೆ ಕಟ್ಟಿದೆ! ಅಯ್ಯೋ, ನಾನು ಧೂಳು ಹೊಡೆದಿಲ್ಲ ಅಂತ ಬೈಯುತ್ತಾರಲ್ಲ ಎಂದು ಬಟ್ಟೆ ಒದ್ದೆ ಮಾಡಿಕೊಂಡು ಬಂದಳು. ಒದ್ದೆ ಬಟ್ಟೆಗೆ ಬಲೆ ಜಗ್ಗಲಿಲ್ಲ. ಅಲ್ಲೇ ಬಿದ್ದಿದ್ದ, ಸಾಹೇಬರು ಕುಂಚ ಒರೆಸುವ ಟರ್ಪೆಂಟೈನಿನ ಚಿಂದಿ ತಗೊಂಡು ತಿಕ್ಕಿದಳು. ಬಲೆಯ ಜೊತೆ ಮೂಗೂ ಬಂತು. ಹಸಿ ಬಣ್ಣ ಹರಡಿ ಗಲೀಜಾಯಿತು. ಗಲೀಜನ್ನು ಅರ್ಧಕ್ಕೆ ಬಿಟ್ಟುಹೋಗುವುದು ಅವಳ ಜಾಯಮಾನವೇ ಅಲ್ಲ. ಪೂರ್ತಿ ಒರೆಸಿಟ್ಟಳು.

ಚಿತ್ರಕಾರ ಬೈಯಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಖಾಲಿಯಾದ ಜಾಗಕ್ಕೆ ಒಂದು ಬಾಗಿಲು ಬರೆದ. ಬಾಗಿಲು ಅವನಿಗೆ ಎಷ್ಟು ಹಿಡಿಸಿತೆಂದರೆ ಆಮೇಲೆ ಅವನ ಚಿತ್ರದ ಹೆಂಗಸರಿಗೆಲ್ಲ ಮುಖದ ಬದಲು ಬಾಗಿಲೇ. ಒಳಗೆ ಬಿಟ್ಟುಕೊಳ್ಳದ ಮನಸ್ಸಿನ ಗುರುತು ಅದು ಎಂದು ಗೈಡು ದಿನವೂ ವಿವರಿಸುತ್ತಿದ್ದುದನ್ನು ಮೂಲೆಯಕ್ಕ ಕೇಳಿಸಿಕೊಂಡಿದ್ದಾಳೆ. "ಅದೂ ಇರಬಹುದು. ನಮ್ಮಮ್ಮಂಗೆ ಮಾತು ಕಮ್ಮಿಯಂತೆ," ಎನ್ನುತ್ತಾಳೆ.

ಇಷ್ಟು ದಿನ ಸುಮ್ಮನಿದ್ದ ಜೀವಕ್ಕೆ ಈಗ ಆಸೆ ಹುಟ್ಟಿಸಿದ್ದು ಮೊಮ್ಮಗಳು. ಕೂಸು ಹುಟ್ಟಿದಾಗಿನಿಂದ ಮನೆಯಲ್ಲಿ ಅದರ ಮುಖ ಯಾರ ಹಾಗಿದೆ ಎಂಬುದೇ ಚರ್ಚೆ. "ಅವರಪ್ಪನ ಕಡೆ ಯಾರ ಥರಾನೂ ಇಲ್ಲ, ನಮ್ಮ ಕಡೆ ಯಾರ ಥರಾನೂ ಇಲ್ಲ. ಇನ್ನುಳಿದೋಳು ನಮ್ಮಮ್ಮ ಒಬ್ಬಳೇ. ಹೌದೋ ಅಲ್ವೋ, ಒಂದ್ಸಲ ನೋಡ್ಬೇಕಿತ್ತು. ಅಷ್ಟೇ."

ಚಿತ್ರಗಳನ್ನು ಪರೀಕ್ಷಿಸಿ ದುರಸ್ತಿ ಮಾಡುವವರೊಬ್ಬರು ಬಂದಿದ್ದಾರೆ. ಆಕೆಯ ಪಾಲಿಗೆ ಅವರು ಚಿತ್ರದ ಡಾಕ್ಟರು. ಪೆಟ್ಟಿಗೆಗೆ ಹೋಗುವ ಮುಂಚೆ ಪ್ರತಿ ಚಿತ್ರದ ಎಕ್ಸ್‌ರೇ ತೆಗೆಯುತ್ತಾರೆ. ಬಣ್ಣದ ಕೆಳಗೆ ಹೂತುಹೋದ ಹಳೆಯ ಬಣ್ಣವೂ ಅದರಲ್ಲಿ ಕಾಣುತ್ತದೆಯಂತೆ. ಮೂಲೆಯಕ್ಕ ಹೋದ ವಾರ ಎರಡು ಸಲ ಅವರ ಬಾಗಿಲವರೆಗೆ ಹೋಗಿ ಬಾಯಿ ಬಾರದೆ ವಾಪಸು ಬಂದಳು. ಮೂರನೇ ಸಲ ಕೇಳಿಯೇಬಿಟ್ಟಳು: "ಆ ಬಾಗಿಲ ಹಿಂದೆ ನಮ್ಮಮ್ಮ ಇದ್ದಾಳಾ ನೋಡ್ತೀರಾ?"

ಇವತ್ತು ಅವರು ನಿನ್ನೆ ರಾತ್ರಿ ತೆಗೆದ ಎಕ್ಸ್‌ರೇ ಹಾಳೆ ಹಿಡಿದು ನಾಲ್ಕನೇ ಕೋಣೆಗೇ ಬರುತ್ತಾರೆ. ಅವರ ಮುಖ ನೋಡಿದರೇ ತಿಳಿಯುತ್ತದೆ.

"ಸಾಮಾನ್ಯವಾಗಿ ಏನಾದ್ರೂ ಉಳಿದಿರುತ್ತಮ್ಮ. ಒಂದು ಹುಬ್ಬಿನ ಗೆರೆ, ತುಟಿಯ ಅಂಚು. ಇದ್ರಲ್ಲಿ ಏನೂ ಇಲ್ಲ. ಕ್ಯಾನ್ವಾಸ್ ಬಟ್ಟೆಯ ಎಳೆ ಕಾಣೋವರೆಗೂ ಒರೆಸಿಬಿಟ್ಟಿದ್ದಾರೆ."

ಆಕೆ ಹಾಳೆಯ ಮೇಲೆ ಬಾಗುತ್ತಾಳೆ. "ಅಂಚಲ್ಲೂ ಇಲ್ವಾ? ಮೂಲೇಲೂ?"

"ಮೂಲೇಲೂ ಇಲ್ಲ."

ಪಕ್ಕದಲ್ಲಿದ್ದ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಡುತ್ತಾಳೆ. ಅಳುತ್ತಾಳೆ, ಯಾರ ಮುಲಾಜೂ ಇಲ್ಲದೆ, ಅಮ್ಮ ಇವತ್ತೇ ಹೋದಳೋ ಎಂಬಂತೆ. ಡಾಕ್ಟರು ಹಾಳೆಯನ್ನು ಬೆನ್ನ ಹಿಂದೆ ಹಿಡಿದು ನೆಲ ನೋಡುತ್ತ ನಿಲ್ಲುತ್ತಾರೆ. ಪೆಟ್ಟಿಗೆಯವರು ಚಿತ್ರ ಇಳಿಸಿ, ಗೋಣಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು ಮೊಳೆ ಹೊಡೆಯುತ್ತಾರೆ. ಅದು ಯಾವನೋ ಶ್ರೀಮಂತನ ಬೀಗ ಹಾಕಿದ ಕೋಣೆಗೆ ವಾಪಸು ಹೋಗುತ್ತದೆ. ಮತ್ತೆ ಯಾವಾಗ ಹೊರಬರುವುದೋ ಯಾರಿಗೂ ಗೊತ್ತಿಲ್ಲ.

ಚಿತ್ರವಿದ್ದ ಗೋಡೆಯಡಿ ಸಿಮೆಂಟಿನ ಪುಡಿ ಉದುರಿದೆ. ಮೂಲೆಯಕ್ಕ ಮೂಗೊರೆಸಿಕೊಂಡು, ಗೋಡೆ ಹಿಡಿದು, ಒಂದೊಂದೇ ಮಂಡಿ ಊರುತ್ತಾಳೆ.

"ಸ್ವಲ್ಪ ಮೈಗಳ್ಳಿ ಆಗಿದ್ದಿದ್ರೆ ಒಂದು ಕಣ್ಣಾದ್ರೂ ಉಳೀತಿತ್ತು," ಎನ್ನುತ್ತಾಳೆ, ಬಟ್ಟೆಯನ್ನು ಮೂಲೆಗೆ ಒತ್ತುತ್ತ. "ಏನ್ ಮಾಡ್ತೀರಿ ಹೇಳಿ. ನಮ್ಮಮ್ಮ ಒರೆಸಿದ್ಲು ಅಂದ್ರೆ ಒರೆಸಿದ್ಲು."