ಹತ್ತಿ ಹೊಲದಲ್ಲಿ ನನ್ನ ಪಾಠ ಸೋತದ್ದು

“ಇವತ್ತ ಸಾಲಿಗೆ ಬರಂಗಿಲ್ರಿ ಅಕ್ಕೋರ. ನಾಳೆ ಮುಂಜಾನೆ ಐನೂರು ಮದವಿ ಅದಾವು.”

ಧಾರವಾಡ ಕಡೆಯ ಶಲವಡಿಗೆ ಬಂದ ಎರಡನೇ ತಿಂಗಳಲ್ಲಿ ಕಾಶವ್ವ ಎಂಬ ನಲವತ್ತರ ಹೆಂಗಸು ನನ್ನ ಬಾಗಿಲಲ್ಲಿ ನಿಂತು ಹೀಗೆ ಹೇಳಿದಾಗ ನಾನು ಬೆಪ್ಪಾದೆ. ಎಂಬತ್ತರ ದಶಕದ ನಡುವಿನ ಮಾತಿದು. ಮಳವಳ್ಳಿ ಕಡೆಯವಳಾದ ನಾನು ಇತಿಹಾಸದಲ್ಲಿ ಬಿ.ಎ. ಮುಗಿಸಿ, ವಯಸ್ಕರ ಶಿಕ್ಷಣದ ಕೆಲಸ ಸಿಕ್ಕಿತೆಂದು ಇಷ್ಟು ದೂರ ಬಂದಿದ್ದೆ. ಇಲ್ಲಿ ಶಾಲೆಯೆಂದರೆ ಸಾಲಿ, ಪಾಠ ಹೇಳುವ ಹೆಂಗಸು ಅಕ್ಕೋರು. ನಮ್ಮ ಕಡೆಯ ‘ಅಕ್ಕ’ನಲ್ಲಿರುವ ಸಲಿಗೆ ಅದರಲ್ಲಿಲ್ಲ, ಬರೀ ಗೌರವ. ನಮ್ಮೂರಲ್ಲಿ ಕಿಟಕಿ ತೆರೆದರೆ ಕಬ್ಬು, ತೆಂಗು. ನನ್ನ ಒಂದು ಕೋಣೆಯ ಬಾಡಿಗೆ ಮನೆಯಿಂದ ಕಾಣುತ್ತಿದ್ದುದು ಆಕಾಶ ಮುಟ್ಟುವ ಕಪ್ಪು ಹೊಲ, ನಡುವೆ ಒಂದು ಮರವೂ ಇಲ್ಲ. ಮುದ್ದೆಗೆ ರಾಗಿ ಸಿಗದು, ರೊಟ್ಟಿ ಬಡಿಯಲು ಬಾರದು. ದಿನವೂ ಅನ್ನ ಬೇಯಿಸಿಕೊಳ್ಳುವ ನನ್ನನ್ನು ಕಂಡರೆ ಬಾಜೂ ಮನೆಯವರಿಗೆ ಕನಿಕರ.

ಮಧ್ಯಾಹ್ನ ಮೂರೂವರೆಗೆ ನನ್ನ ತರಗತಿ. ಹದಿನೆಂಟು ಹೆಂಗಸರು ಬರುತ್ತಿದ್ದರು. ಅಕ್ಷರದ ನಡುವೆ ಕಥೆ ಹೇಳುತ್ತಿದ್ದೆ. ಫ್ರಾನ್ಸಿನ ಜನ ರಾಜನನ್ನು ಇಳಿಸಿದ್ದು, ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಗೊತ್ತಾದದ್ದು, ಉಗಿಯಂತ್ರ ಬಂದು ಕೈಮಗ್ಗದವರು ಬೀದಿಗೆ ಬಿದ್ದದ್ದು. ಕಾಲೇಜಿನಲ್ಲಿ ನನ್ನ ಮೈ ನವಿರೇಳಿಸಿದ ಕಥೆಗಳವು. ಇವರು ಆಕಳಿಸುತ್ತಿದ್ದರು.

ಮದುವೆಯೆಂದರೇನೆಂದು ನೋಡಲು ಆ ದಿನ ಕಾಶವ್ವನ ಹಿಂದೆಯೇ ಹೋದೆ. ಕಾಲುವೆ ಬದಿಯ ಹತ್ತಿ ಹೊಲದಲ್ಲಿ ನನ್ನ ಹದಿನೆಂಟೂ ಜನ ಇದ್ದರು. ನಾಳೆ ಅರಳಲಿರುವ ಮೊಗ್ಗನ್ನು ಉಗುರಿನಿಂದ ಬಿಡಿಸಿ, ಹೆಣ್ಣು ಭಾಗ ಉಳಿಸಿ ಗಂಡು ಭಾಗ ತೆಗೆದು, ಮೇಲೊಂದು ಕೆಂಪು ಕಾಗದದ ಚೀಲ ಹಾಕುತ್ತಿದ್ದರು. ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗ ಸವರಿದರೆ ಹೈಬ್ರಿಡ್ ಬೀಜ. ಊರವರು ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ, ಕಾಶವ್ವ ಮದವಿ ಎನ್ನುತ್ತಿದ್ದಳು. ಅವಳು ಸಾಲಿನಿಂದ ಸಾಲಿಗೆ ಹೋಗಿ ತೋರಿಸುತ್ತಿದ್ದಳು. ನನ್ನೆದುರು ಬಾಯಿ ಬಿಡದವರು ಅವಳನ್ನು ಪ್ರಶ್ನೆ ಕೇಳುತ್ತಿದ್ದರು, ನಗುತ್ತಿದ್ದರು.

ನಾನೂ ಒಂದು ಮೊಗ್ಗು ಬಿಡಿಸಿದೆ.

“ಹೆಣ್ಣನ್ನ ಮುರದ್ರಲ್ರಿ ಅಕ್ಕೋರ,” ಎಂದಳು ಕಾಶವ್ವ ಮೆಲ್ಲಗೆ. ಎಲ್ಲರೂ ನಕ್ಕರು. ಮುರಿದ ಮೊಗ್ಗನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡೆ.

ಹೂವಿನ ಕೆಲಸ ಮುಗಿಯುವವರೆಗೆ ತರಗತಿಯನ್ನು ಹೊಲದ ಬದುವಿನ ಮೇಲೆ ನಡೆಸೋಣವೆಂದವಳೂ ಅವಳೇ. ಹಾಜರಿ ಇಲ್ಲದಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ಒಪ್ಪಿದೆ. ಒಂದು ದಿನ ಮತ್ತೆ ಫ್ರಾನ್ಸಿನ ಕಥೆ ಎತ್ತಿದಾಗ ಕಾಶವ್ವ ನಡುವೆ ಬಾಯಿ ಹಾಕಿದಳು.

“ಇಲ್ಲೂ ಆಗೇತಲ್ರಿ. ನಮ್ಮ ಮಾವ ಮೂವತ್ತ ವರ್ಷ ಮಂದಿ ಹೊಲ ಮಾಡಿದ್ರು. ಮಾಲಕರ ಮನಿ ಮುಂದ ಚಪ್ಪಲಿ ಕೈಯಾಗ ಹಿಡಕೊಂಡ ಹೋಗ್ತಿದ್ರು. ಕಾಯ್ದೆ ಬಂದು ಎರಡ ಎಕರೆ ಹೆಸರಿಗಾತು. ಮರುದಿನ ಕಾಲಾಗ ಹಾಕ್ಕೊಂಡ ಹೋದ್ರು.”

“ಮಿಷನ್ನಿನ ಕಥಿ?” ಯಾರೋ ಕಾಶವ್ವನನ್ನೇ ಕೇಳಿದರು.

“ನಮ್ಮವ್ವ ಕೈಲೆ ಹತ್ತಿಬೀಜ ಬಿಡಸ್ತಿದ್ಲು. ಅಣ್ಣಿಗೇರಿಗೆ ಬೀಜ ಬಿಡಸೂ ಮಿಷನ್ನು, ಜಿನ್ ಬಂದು ಆಕಿ ಕೆಲಸ ಹೋತು. ಅದ ಜಿನ್ನಿನ್ಯಾಗ ನನಗ ಪಗಾರ ಸಿಕ್ಕತು. ಒಂದ ಮಿಷನ್ನು ತಾಯಿ ಕೈದು ಕಸಗೊಂಡು ಮಗಳ ಕೈಗೆ ಕೊಟ್ಟತಿ. ಅದನ್ನ ಬೈಬೇಕೋ ಹೊಗಳಬೇಕೋ, ನನಗ ಇನ್ನೂ ತಿಳಿದಿಲ್ಲ.”

ಯಾರೂ ಆಕಳಿಸಲಿಲ್ಲ. ಮೂರು ವರ್ಷ ಓದಿ ನಾನು ಹೇಳಲಾಗದ್ದನ್ನು ಅವಳು ಮೊಗ್ಗು ಬಿಡಿಸುತ್ತಲೇ ಹೇಳಿ ಮುಗಿಸಿದ್ದಳು.

ದುರದೃಷ್ಟಕ್ಕೆ, ತರಗತಿ ನೋಡಲು ಧಾರವಾಡದಿಂದ ಬಂದ ಅಧಿಕಾರಿಯೂ ಅಂದು ಬದುವಿನ ಮೇಲೆ ಕುಳಿತಿದ್ದರು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, “ಈಕಿನ್ನ ತರಬೇತಿಗೆ ಕಳಸ್ರಿ. ಹದಿನೈದು ದಿನ. ಮುಂದ ಬಾಜೂ ಊರಾಗ ತರಗತಿ ನಡಸ್ತಾಳ, ಅಕ್ಷರ ಕಲಸಾಕ ಇನ್ನೊಬ್ರು ಇರ್ತಾರ. ಬರ್ತಾಳೇನು?” ಎಂದರು.

“ಅವರಿಗೆ ಮನೆ ಬಿಟ್ಟು ಬರೋಕಾಗಲ್ಲ ಸಾರ್,” ಎಂದೆ. ಅವಳನ್ನು ಕೇಳಿಯೇ ಇರಲಿಲ್ಲ. ಸುಳ್ಳು ಅಷ್ಟು ಸಲೀಸಾಗಿ ಬಂತು.

ತಿಂಗಳಾಯಿತು. ಒಂದು ಮಧ್ಯಾಹ್ನ ಕಾಶವ್ವ ರೊಟ್ಟಿ, ಶೇಂಗಾ ಹಿಂಡಿಯೆಂಬ ಚಟ್ನಿಪುಡಿ ಕಟ್ಟಿಕೊಂಡು ಬಂದು, ಸ್ಲೇಟಿನ ಮೇಲೆ ಬರೆದ ತಾಯಿಯ ಹೆಸರನ್ನು ತೋರಿಸಿದಳು. ಒಂದು ಒತ್ತಕ್ಷರ ತಪ್ಪಿತ್ತು. ತಿದ್ದಲು ಬಳಪ ಎತ್ತಿಕೊಂಡವಳು ಕೆಳಗಿಟ್ಟೆ. ಅಧಿಕಾರಿ ಕೇಳಿದ್ದು, ನಾನು ಸುಳ್ಳಾಡಿದ್ದು ಎಲ್ಲವನ್ನೂ ಹೇಳಿಬಿಟ್ಟೆ.

“ನನ್ನ ಒಂದ ಮಾತ ಕೇಳಲಿಲ್ಲ ಯಾಕ್ರಿ?”

“ನೀವು ನನಗಿಂತ ಚೆನ್ನಾಗಿ ಹೇಳ್ತೀರಿ. ಹೊಟ್ಟೆ ಉರೀತು.”

ಅವಳು ಸೆರಗು ಬಿಗಿದು ಎದ್ದಳು. “ನನಗೂ ಉರೀತಿತ್ರಿ, ನೀವು ಸರಸರ ಓದೂದ ನೋಡಿ. ಹಂಗಂತ ನಿಮ್ಮ ಪುಸ್ತಕ ಹರೀಲಿಲ್ಲ ನಾ.” ಸ್ಲೇಟು ಎತ್ತಿಕೊಂಡು ಹೋದಳು.

ಅಂದೇ ಅಧಿಕಾರಿಗೆ ನಿಜ ಬರೆದು ಹಾಕಿದೆ. ಮುಂದಿನ ತರಬೇತಿಗೆ ಅವಳಿಗೆ ಕರೆ ಬಂತು. ಹೋದಳು. ಹೋಗುವಾಗ ನನಗೆ ಹೇಳಲಿಲ್ಲ.

ಆ ದಿನಗಳಲ್ಲಿ ನಾನು ರಜೆ ಹಾಕಿ ಮಳವಳ್ಳಿ ಕಡೆಯ ನಮ್ಮೂರಿಗೆ ಹೋಗಿದ್ದೆ. “ಇದೆ ಅನ್ನೋಕೆ ಐತಿ ಅಂತೀಯಲ್ಲೇ,” ಎಂದು ಅಮ್ಮ ಅಣಕಿಸಿದಳು. ನಲ್ಲಿಯ ಬಳಿ ಹೆಂಗಸರಿಗೆ ತಾಯಿ, ಮಗಳು ಮತ್ತು ಜಿನ್ನಿನ ಕಥೆ ಹೇಳಿದೆ. ಎಷ್ಟು ಚೆನ್ನಾಗಿ ಹೇಳ್ತೀಯ ಎಂದರು. ಕಥೆ ಯಾರದೆಂದು ನಾನು ಹೇಳಲಿಲ್ಲ. ಮೂರೇ ದಿನಕ್ಕೆ ಜೋಳದ ರೊಟ್ಟಿ ನೆನಪಾಯಿತು, ಮರಗಳು ಕಣ್ಣಿಗೆ ಅಡ್ಡ ಬಂದಂತಾಯಿತು.

ಮೂರು ವಾರದ ರಜೆ ಮುಗಿಸಿ ಮರಳಿ ಶಲವಡಿಯಲ್ಲಿ ಬಸ್ ಇಳಿದಾಗ ಮೂರೂವರೆ ದಾಟಿತ್ತು. ನಾನಿಲ್ಲದಿದ್ದರೂ ತರಗತಿ ನಡೆಯುತ್ತಿತ್ತು. ತರಬೇತಿ ಮುಗಿಸಿ ಬಂದಿದ್ದ ಕಾಶವ್ವ ಎದುರಿಗೆ ನಿಂತು ಮಾತಾಡುತ್ತಿದ್ದಳು. ನನ್ನನ್ನು ಕಂಡು ಮಾತು ನಿಲ್ಲಿಸಲಿಲ್ಲ. ಹಿಂದಿನ ಸಾಲಿನ ಇಬ್ಬರು ಸರಿದು ಜಾಗ ಮಾಡಿದರು. ಚೀಲ ಮಡಿಲಲ್ಲಿಟ್ಟುಕೊಂಡು ಅಲ್ಲಿ ಕುಳಿತೆ. ಹೊಟ್ಟೆ ಇನ್ನೂ ಉರಿಯುತ್ತಿತ್ತು. ಎದ್ದು ಹೋಗಲು ಮಾತ್ರ ಮನಸ್ಸಾಗಲಿಲ್ಲ.