ಎಡಗಡೆಯ ಸದ್ದು

ದೆಹಲಿಯ ಕನ್ನಡಿಗರ ನಡುವೆ ನನಗೆ ಒಂದು ಹೆಸರು ಹೇಗೋ ಅಂಟಿಕೊಂಡಿತ್ತು. ಯಾರ ಮನೆಯ ಮಿಕ್ಸಿ ನಿಂತರೂ, ಯಾರ ಇನ್ವರ್ಟರ್ ಕುಂಯ್ ಎಂದರೂ "ನಮ್ಮ ಇಂಜಿನಿಯರನ್ನ ಕೇಳಿ" ಅನ್ನುತ್ತಿದ್ದರು. ನಾನು ಎಲೆಕ್ಟ್ರಾನಿಕ್ಸ್ ಓದಿದ್ದು ನಿಜ. ಆದರೆ ಗುಡಗಾಂವಿನ ಆಫೀಸಿನಲ್ಲಿ ಮಾಡುತ್ತಿದ್ದದ್ದು ಕಂಪ್ಯೂಟರಿನ ಮುಂದೆ ಕೂತು ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವ ಕೆಲಸ. ಕಾಲೇಜು ಬಿಟ್ಟ ಮೇಲೆ ಸೋಲ್ಡರಿಂಗ್ ಐರನ್ ಹಿಡಿದದ್ದು ಎರಡೋ ಮೂರೋ ಸಲ. ಜನ ತಂದುಕೊಟ್ಟ ಮಿಕ್ಸಿಗಳನ್ನು ನಾನು ಜನಕಪುರಿಯ ಮಾರ್ಕೆಟ್ಟಿನಲ್ಲಿದ್ದ ಒಬ್ಬ ಸರ್ದಾರ್ಜಿಯ ಅಂಗಡಿಗೆ ಹೊತ್ತುಕೊಂಡು ಹೋಗಿ, ರಿಪೇರಿ ಮಾಡಿಸಿ, ನಾನೇ ಮಾಡಿದವನಂತೆ ವಾಪಸು ಕೊಡುತ್ತಿದ್ದೆ. ಅವರು ಕೊಟ್ಟ ಕಾಫಿಯನ್ನೂ ಚಕ್ಕುಲಿಯನ್ನೂ ಯಾವ ಸಂಕೋಚವೂ ಇಲ್ಲದೆ ತಿಂದಿದ್ದೇನೆ.

ನಮ್ಮ ಆಫೀಸಿನ ಸೆಕ್ಯುರಿಟಿ ನೋಡಿಕೊಳ್ಳುತ್ತಿದ್ದವರು ಕೊಡಗಿನ ಒಬ್ಬ ಮೇಜರ್. ಸೈನ್ಯದಲ್ಲಿ ದೊಡ್ಡ ತೋಪುಗಳ ದಳದಲ್ಲಿದ್ದು ನಿವೃತ್ತರಾದವರು. ಐವತ್ತೈದರ ಆಸುಪಾಸು ವಯಸ್ಸು, ಬೆನ್ನು ಮಾತ್ರ ಇಪ್ಪತ್ತೈದರದು. ಗೇಟಿನ ಮೂವತ್ತು ಕಾವಲುಗಾರರು ಅವರ ಬೂಟಿನ ಸದ್ದು ಕೇಳಿದರೆ ಬೀಡಿ ಬಿಸಾಡುತ್ತಿದ್ದರು. ನಾನು ಕನ್ನಡದವನೆಂದು ತಿಳಿದ ದಿನದಿಂದ ಬೆಳಿಗ್ಗೆ ಗೇಟಿನಲ್ಲಿ ಸಿಕ್ಕಾಗಲೆಲ್ಲ ಒಂದು ನಿಮಿಷ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅವರ ಹೆಂಡತಿ ಆ ವರ್ಷ ತಮ್ಮ ತಾಯಿಯ ಆರೈಕೆಗೆಂದು ಕೊಡಗಿಗೆ ಹೋಗಿದ್ದರು. ವಸಂತ್ ಕುಂಜ್‌ನ ಬಾಡಿಗೆ ಫ್ಲ್ಯಾಟಿನಲ್ಲಿ ಅವರೊಬ್ಬರೇ ಇದ್ದರು.

ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ತಿಂಡಿಗೆ ಕರೆದರು. ಕಡುಬಿನ ಜೊತೆ ಕೋಳಿ ಸಾರು ಅವರೇ ಮಾಡಿದ್ದರು. ತಿಂದು ಕೈ ತೊಳೆದ ಮೇಲೆ ಹಾಲಿನ ಮೂಲೆಗೆ ಕರೆದೊಯ್ದು ತೋರಿಸಿದರು. ರೆಕಾರ್ಡ್ ಪ್ಲೇಯರ್, ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರು, ನಡುವೆ ಬೆಳ್ಳಿಯ ಬಣ್ಣದ ಮುಖದ, ಮರದ ಮೈಯ ಒಂದು ಪೆಟ್ಟಿಗೆ. ಅದು ಪ್ರೀ-ಆಂಪ್. ರೆಕಾರ್ಡಿನ ಮುಳ್ಳಿನಿಂದ ಬರುವ ಇಷ್ಟೇ ಇಷ್ಟು ಸದ್ದನ್ನು ಹದ ಮಾಡಿ ದೊಡ್ಡ ಆಂಪ್ಲಿಫೈಯರಿಗೆ ದಾಟಿಸುವುದು ಅದರ ಕೆಲಸ. ಚಾಣಕ್ಯಪುರಿಯಲ್ಲಿ ಯಾವುದೋ ದೂತಾವಾಸದ ಕುಟುಂಬ ದೇಶಕ್ಕೆ ಮರಳುವಾಗ ಮನೆಸಾಮಾನು ಮಾರಿತ್ತಂತೆ, ಆಗ ಕೊಂಡದ್ದು. ನನಗಿಂತ ಹಳೆಯ ಸಾಮಾನು.

"ಕೇಳು," ಎಂದು ರೆಕಾರ್ಡ್ ಹಾಕಿ ಕೂತರು. ದನಿ ತುಂಬಿಕೊಂಡು ಬಂತು, ನಿಜವಾಗಿಯೂ ಚೆನ್ನಾಗಿತ್ತು. ಇಪ್ಪತ್ತು ನಿಮಿಷ ಕಳೆದಿರಬೇಕು, ಎಡಗಡೆಯಿಂದ ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ ಶುರುವಾಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

"ಕೇಳಿಸ್ತಾ?"

"ಕೇಳಿಸ್ತು ಸಾರ್. ವಾಲ್ಯೂಮ್ ಕಂಟ್ರೋಲ್ ಹಳೇದಾಗಿರುತ್ತೆ. ಮಾಡಿಕೊಡ್ತೀನಿ."

ಅವರು ರೆಕಾರ್ಡ್ ನಿಲ್ಲಿಸಿದರು. ಅದನ್ನು ಕವರಿಗೆ ಸೇರಿಸುತ್ತ ಹೇಳಿದರು. "ನೋಡಪ್ಪ, ಒಂದು ಮಾತು. ಇದನ್ನ ಆಫ್ ಮಾಡಿದ ಮೇಲೂ ಎಡಗಿವಿಯಲ್ಲಿ ಏನೋ ಇದ್ದ ಹಾಗೆ ಆಗುತ್ತೆ ನನಗೆ. ಇಪ್ಪತ್ತೆಂಟು ವರ್ಷ ತೋಪಿನ ಪಕ್ಕ ನಿಂತವನು ನಾನು. ಕಿವಿ ಹೋಗ್ತಾ ಇದೆಯಾ, ಸೆಟ್ಟು ಕೆಟ್ಟಿದೆಯಾ, ಗೊತ್ತಾಗ್ತಾ ಇಲ್ಲ. ನೀನು ಸೆಟ್ಟು ಸರಿ ಮಾಡು. ಆಮೇಲೂ ನನಗೆ ಕೇಳಿಸಿದ್ರೆ ಅದು ಕಿವಿಯದೇ. ಗೇಟಲ್ಲಿ ವೈರ್‌ಲೆಸ್ ಹಿಡಿಯೋ ಕೆಲಸ ನನ್ನದು, ಕಿವಿ ಇಲ್ಲದವನು ಅಲ್ಲಿ ಕೂರಬಾರದು. ಆಫೀಸಲ್ಲಿ ಯಾರಿಗೂ ಹೇಳಬೇಡ."

ಆಸ್ಪತ್ರೆಗೆ ತೋರಿಸಬಹುದಲ್ಲ ಎಂದೆ. "ಅಲ್ಲಿ ಹೋದ್ರೆ ಕಾಗದದ ಮೇಲೆ ಬರುತ್ತೆ. ಮೊದಲು ಇದು," ಎಂದು ಪೆಟ್ಟಿಗೆಯ ಮೇಲೆ ಕೈಯಿಟ್ಟರು.

ಅಂದರೆ ಕೆಲಸ ಏನು, ಅದರಿಂದ ಏನಾಗುತ್ತದೆ ಎಂದು ಅವರು ಬಿಡಿಸಿಯೇ ಹೇಳಿದ್ದರು. ನನಗೆ ಅರ್ಥವಾಗಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗಿಲ್ಲ.

ಈ ಸಲ ಸರ್ದಾರ್ಜಿಯ ಹತ್ತಿರ ಹೋಗಲಿಲ್ಲ. ಮೇಜರ್ ನಂಬಿ ಕೊಟ್ಟಿದ್ದಾರೆ, ನಾನೇ ಮಾಡಬೇಕು ಎಂಬ ಹುರುಪು. ಜನಕಪುರಿಯ ನನ್ನ ಬಾಡಿಗೆ ಕೋಣೆಯಲ್ಲಿ ಮಂಚದ ಮೇಲೆ ದಿನಪತ್ರಿಕೆ ಹಾಸಿ ಪೆಟ್ಟಿಗೆಯನ್ನು ಬಿಚ್ಚಿದೆ. ಒಳಗೆ ವೈರುಗಳನ್ನು ದಾರದಿಂದ ಜಡೆಯ ಹಾಗೆ ಕಟ್ಟಿದ್ದರು. ಕಟ್ಟಿದವರ ಶ್ರದ್ಧೆ ನೋಡಿ ಒಂದು ಕ್ಷಣ ಕೈ ಹಿಂಜರಿಯಿತು. ಆ ಒಂದು ಕ್ಷಣವೇ ಸರಿ. ವಾಲ್ಯೂಮಿಗೂ ಸ್ವಿಚ್ಚುಗಳಿಗೂ ಕ್ಲೀನರ್ ಹೊಡೆದೆ. ಇಂಟರ್ನೆಟ್ಟಿನಲ್ಲಿ ಯಾರೋ ಬರೆದದ್ದನ್ನು ಓದಿ ಹಳೆಯ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕಿದೆ. ಎರಡು ಕಡೆ ಬೋರ್ಡಿನ ತಾಮ್ರದ ಗೆರೆ ಸುಟ್ಟು ಎದ್ದುಬಂತು, ಅಲ್ಲಿ ವೈರಿನ ತುಂಡು ಇಟ್ಟು ತೇಪೆ ಹಾಕಿದೆ. ದಾರದ ಜಡೆ ಹರಿದುಹೋಯಿತು, ಅದರ ಬದಲಿಗೆ ಟೇಪು ಸುತ್ತಿದೆ. ಮೂರು ವಾರ ಹೀಗೇ ಹೋಯಿತು.

ನಾಬು ತಿರುಗಿಸುವಾಗ ಬರುತ್ತಿದ್ದ ಕರಕರ ನಿಂತಿತು. ಅದಕ್ಕೇ ಹಿಗ್ಗಿಹೋದೆ. ಆದರೆ ಇಪ್ಪತ್ತು ನಿಮಿಷ ಕಾದು ಬಿಸಿಯಾದ ಮೇಲೆ ಎಡಗಡೆಯ ಸಾಸಿವೆ ಮತ್ತೆ ಸಿಡಿಯುತ್ತಿತ್ತು. ನನ್ನ ಕೋಣೆಯಲ್ಲೂ ಸಿಡಿಯಿತು, ನಾನು ಕೇಳಿದೆ. ಬಹುಶಃ ನನ್ನ ಸ್ಪೀಕರು ಅಗ್ಗದ್ದು, ಬಹುಶಃ ಈ ಮನೆಯ ಕರೆಂಟು ಸರಿ ಇಲ್ಲ ಎಂದುಕೊಂಡೆ. ಇಂಥ ಬಹುಶಃಗಳನ್ನು ಹುಡುಕುವುದರಲ್ಲಿ ನನಗೆ ಒಳ್ಳೆಯ ತರಬೇತಿ ಇತ್ತು. ಅಷ್ಟರಲ್ಲಿ ಮೇಜರ್ ಗೇಟಿನಲ್ಲಿ ಎರಡು ಸಲ "ಆಯ್ತಾ?" ಎಂದು ಕೇಳಿದ್ದರು, ಎರಡು ಸಲವೂ "ಆಯ್ತು ಸಾರ್, ಟೆಸ್ಟ್ ಮಾಡ್ತಾ ಇದ್ದೀನಿ" ಅಂದಿದ್ದೆ.

ನವೆಂಬರಿನ ಒಂದು ಭಾನುವಾರ ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ದೆ. ಅವರು ಅಂದು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಸಮಾರಂಭಕ್ಕೆ ಹೊರಟವರ ಹಾಗೆ. ವೈರುಗಳನ್ನು ಜೋಡಿಸಿ ರೆಕಾರ್ಡ್ ಹಾಕಿ ಇಬ್ಬರೂ ಕೂತೆವು. ಮೊದಲ ಹತ್ತು ನಿಮಿಷ ಶುಭ್ರವಾಗಿತ್ತು. ಅವರ ಹುಬ್ಬು ಸಡಿಲವಾಯಿತು. ಒಂದು ಬದಿ ಮುಗಿದಾಗ ನಾನು ಏಳುವವನಿದ್ದೆ, ಆದರೆ ಅವರು ತಿರುವಿ ಇನ್ನೊಂದು ಬದಿ ಹಾಕಿದರು. ಸ್ವಲ್ಪ ಹೊತ್ತಿಗೆ ಚಟಪಟ ಬಂತು. ಜೋರಾಗಿಯೇನೂ ಇರಲಿಲ್ಲ. ಇತ್ತು.

ಅವರು ಕೈ ಎತ್ತಿದರು. "ಈಗ? ನಿನಗೆ ಕೇಳಿಸ್ತಾ?"

"ಏನು ಸಾರ್?"

"ಎಡಗಡೆ. ಚಟಚಟ ಅಂತ."

"ಇಲ್ಲ ಸಾರ್. ಕ್ಲೀನ್ ಇದೆ."

ಇಷ್ಟೇ. ಇದನ್ನು ಹೇಳಲು ನನಗೆ ಅರೆಗಳಿಗೆಯೂ ಬೇಕಾಗಲಿಲ್ಲ. ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಒಬ್ಬ ಮನುಷ್ಯನನ್ನು ಕಿವುಡ ಎನ್ನುವುದು ನನಗೆ ಸುಲಭವಾಯಿತು. ಅವರು "ಅಚ್ಛಾ" ಅಂದರು. ತಲೆಯನ್ನು ಒಂದು ಸಲ ಆಡಿಸಿದರು. ರೆಕಾರ್ಡ್ ಮುಗಿಯುವ ತನಕ ಕೇಳಿ, ಎದ್ದು ಹೋಗಿ ನನಗೆ ಕಾಫಿ ಮಾಡಿಕೊಂಡು ಬಂದರು. ಲೋಟ ಕೊಡುವಾಗ "ಒಳ್ಳೆ ಕೆಲಸ ಮಾಡಿದ್ದೀಯಾ" ಎಂದರು. ನಾನು ಕುಡಿದೆ.

ಹದಿನೈದು ದಿನಕ್ಕೆ ಅವರು ರಾಜೀನಾಮೆ ಕೊಟ್ಟ ಸುದ್ದಿ ಬಂತು. ಆಫೀಸಿನಲ್ಲಿ ಎಲ್ಲರೂ ಊರಿನ ಕಾರಣ ಎಂದುಕೊಂಡರು. ಹೂಗುಚ್ಛ, ಸಮೋಸಾ, ಕೇಕು ಎಲ್ಲ ಆಯಿತು. ಕಾವಲುಗಾರರಲ್ಲಿ ಇಬ್ಬರು ಅತ್ತರು. ನನ್ನನ್ನು ಲಿಫ್ಟಿನ ಪಕ್ಕ ಕರೆದು ಅವರು ತಗ್ಗಿದ ದನಿಯಲ್ಲಿ ಹೇಳಿದರು. "ನಿನ್ನಿಂದ ಉಪಕಾರ ಆಯ್ತು. ಆಸ್ಪತ್ರೆ ಕಾಗದ ಬಂದು ಅವರು ತೆಗೆಯೋದಕ್ಕಿಂತ ನಾನೇ ಬಿಡೋದು ಮರ್ಯಾದೆ. ಒಂದು ಕರೆ ನನಗೆ ಕೇಳಿಸದೆ ಯಾರಿಗಾದ್ರೂ ಏನಾದ್ರೂ ಆಗಿದ್ರೆ?"

ಆಗ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. ಹಿಂದಿನಿಂದ ಯಾರೋ ಕೇಕಿನ ತಟ್ಟೆ ಹಿಡಿದುಕೊಂಡು ಬಂದರು, ನಾನು ಒಂದು ತುಂಡು ತೆಗೆದುಕೊಂಡೆ. ಹೇಗೂ ವಯಸ್ಸಾಯಿತು, ಹೇಗೂ ಹೆಂಡತಿ ಊರಲ್ಲಿದ್ದಾರೆ, ಇದೇ ಒಳ್ಳೆಯದಾಯಿತೇನೋ ಎಂದೆಲ್ಲ ಆ ಸಂಜೆ ಆಫೀಸಿನ ಕಾರಿನಲ್ಲಿ ಮನೆಗೆ ಹೋಗುತ್ತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆ ಸೇರುವ ಹೊತ್ತಿಗೆ ಹೆಚ್ಚುಕಡಿಮೆ ನಂಬಿಯೂ ಇದ್ದೆ.

ಕೆಲವು ದಿನ ಬಿಟ್ಟು ಅವರೇ ಫೋನ್ ಮಾಡಿದರು. ಮನೆ ಖಾಲಿ ಮಾಡುತ್ತಿದ್ದೇನೆ, ಪ್ರೀ-ಆಂಪ್ ಒಯ್ಯುವುದಿಲ್ಲ, ನೀನು ಇಟ್ಟುಕೋ ಎಂದರು. "ಸರಿ ಇರೋ ಸಾಮಾನು ಸರಿ ಇರೋ ಕಿವಿ ಹತ್ತಿರ ಇರಲಿ." ನಾನು ಹೋಗಿ ತಂದೆ. ಹೌದು, ಅದನ್ನೂ ಮಾಡಿದೆ.

ತಂದು ಮೇಜಿನ ಮೇಲಿಟ್ಟ ಮೇಲೆ ಅದರ ಎದುರು ಕೂತು ತಿನ್ನುವುದು ಕಷ್ಟವಾಯಿತು. ಎರಡನೆಯ ದಿನಕ್ಕೇ ಒಂದು ಬಟ್ಟೆಯಲ್ಲಿ ಸುತ್ತಿ ಕೆಂಪುಕೋಟೆಯ ಎದುರಿನ ರೇಡಿಯೋ ಮಾರ್ಕೆಟ್ಟಿಗೆ ಒಯ್ದೆ. ಗೂಡಿನಂಥ ಅಂಗಡಿಯೊಂದರಲ್ಲಿ ದಪ್ಪ ಕನ್ನಡಕದ ಮುದುಕರೊಬ್ಬರು ಹಳೆಯ ಸೆಟ್ಟುಗಳನ್ನಷ್ಟೇ ನೋಡುತ್ತಾರೆ ಎಂದು ಕೇಳಿದ್ದೆ. ಅವರು ಮುಚ್ಚಳ ತೆಗೆಯಲೇ ಇಲ್ಲ. ಮೊದಲು ಹಾಡು ಹಾಕಿ, ಬೀಡಿ ಸೇದುತ್ತ, ಬಿಸಿಯಾಗುವ ತನಕ ಸುಮ್ಮನೆ ಕೇಳಿದರು. ಸದ್ದು ಬಂದ ಕೂಡಲೇ ಹಿಂದುಗಡೆ ಒಳಬರುವ ಎಡದ ವೈರನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಚುಚ್ಚಿದರು. ಹಾಡು ಜಾಗ ಬದಲಾಯಿಸಿತು, ಚಟಪಟ ಎಡಗಡೆಯೇ ಉಳಿಯಿತು. ಆಮೇಲೆ ಹೊರಹೋಗುವ ಎರಡು ವೈರುಗಳನ್ನು ಅದಲುಬದಲು ಮಾಡಿದರು. ಚಟಪಟ ಬಲಗಡೆಯ ಸ್ಪೀಕರಿಗೆ ಹಾರಿತು.

"ಪ್ಲೇಯರಿನದೂ ಅಲ್ಲ, ಸ್ಪೀಕರಿನದೂ ಅಲ್ಲ. ರೋಗ ಈ ಡಬ್ಬಿಯೊಳಗೇ ಇದೆ," ಎಂದು ಹಿಂದಿಯಲ್ಲಿ ಹೇಳಿದರು.

ಸದ್ದು ಬಂದ ಮೇಲೆ ಒಂದು ನಿಮಿಷವೂ ಆಗಿರಲಿಲ್ಲ. ಒಂದು ಸ್ಕ್ರೂ ಬಿಚ್ಚಿರಲಿಲ್ಲ. ಮೇಜರ್ ನನ್ನನ್ನು ಕೇಳಿದ್ದ ಪ್ರಶ್ನೆಗೆ ಅಲ್ಲಿಯೇ ಪೂರ್ತಿ ಉತ್ತರ ಇತ್ತು. ಅವರ ಮನೆಯಲ್ಲಿ, ಕಡುಬು ತಿಂದ ಕೈಯಲ್ಲೇ, ಅದನ್ನು ನಾನು ಮಾಡಬಹುದಿತ್ತು.

ಮುದುಕರು ಮುಚ್ಚಳ ತೆಗೆದು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದೇ ಟ್ರಾನ್ಸಿಸ್ಟರಿಗೆ ಮುಟ್ಟಿಸುತ್ತ ಹೋದರು. ಒಂದಕ್ಕೆ ತಣ್ಣಗೆ ತಾಗಿದಾಗ ಸದ್ದು ಕತ್ತರಿಸಿದಂತೆ ನಿಂತಿತು. ಅದನ್ನು ಬದಲಾಯಿಸಿದರು, ಅಷ್ಟೇ. ಬೋರ್ಡನ್ನು ಬೆಳಕಿಗೆ ಹಿಡಿದು ನನ್ನ ತೇಪೆಗಳನ್ನು ನೋಡಿ ಕೇಳಿದರು. "ಇದನ್ನ ಹೀಗೆ ಹಾಳು ಮಾಡಿದ್ದು ಯಾರು?"

"ಯಾರೋ ಮೆಕ್ಯಾನಿಕ್," ಎಂದೆ.

ಅಲ್ಲಿಯೂ ಸುಳ್ಳು. ಬಸ್ಸಿನಲ್ಲಿ ವಾಪಸು ಬರುವಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಅಪರಿಚಿತ ಮುದುಕನ ಎದುರು ಕೂಡ ಕಾಪಾಡಿಕೊಳ್ಳಬೇಕಾದ ಮರ್ಯಾದೆ ನನಗೆ ಯಾವುದಿತ್ತೋ ತಿಳಿಯದು.

ಮರುದಿನ ರಜೆ ಹಾಕಿ ಬೆಳಿಗ್ಗೆಯೇ ವಸಂತ್ ಕುಂಜ್‌ಗೆ ಹೋದೆ. ಹಾಲಿನ ತುಂಬ ರಟ್ಟಿನ ಪೆಟ್ಟಿಗೆಗಳು. ಸಾಮಾನು ಕಟ್ಟುವವನೊಬ್ಬ ಪಾತ್ರೆಗಳನ್ನು ಕಾಗದದಲ್ಲಿ ಸುತ್ತುತ್ತಿದ್ದ. ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ಸ್ಪೀಕರು ಇನ್ನೂ ಕಟ್ಟಿರಲಿಲ್ಲ. ನಿಂತುಕೊಂಡೇ ಹೇಳಿಬಿಟ್ಟೆ, ಕೂತರೆ ಮತ್ತೆ ಏನಾದರೂ ನೆಪ ಸಿಗುತ್ತದೆಂಬ ಭಯಕ್ಕೆ.

"ಸಾರ್, ಅವತ್ತು ಸದ್ದು ಇತ್ತು. ನನಗೂ ಕೇಳಿಸಿತ್ತು. ನನಗೆ ರಿಪೇರಿ ಬರಲಿಲ್ಲ. ನಿನ್ನೆ ಬೇರೆಯವರ ಹತ್ತಿರ ಮಾಡಿಸಿದೆ. ತಪ್ಪು ಸೆಟ್ಟಿನದೇ."

ಅವರು ಕೈಯಲ್ಲಿದ್ದ ಪುಸ್ತಕಗಳನ್ನು ಕೆಳಗಿಟ್ಟರು. "ನಿನಗೆ ಎಷ್ಟು ಕೇಳಿಸಿತ್ತು?"

"ಚೆನ್ನಾಗಿಯೇ ಕೇಳಿಸಿತ್ತು."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು "ಆಗಲಿಲ್ಲ ಅಂದಿದ್ರೆ ಆಗ್ತಿತ್ತಲ್ಲ ಮಾರಾಯ," ಎಂದರು. "ರಿಪೇರಿ ಆಮೇಲಿನ ಮಾತು. ನಾನು ಕೇಳಿದ್ದು ಇದೆಯಾ ಇಲ್ವಾ ಅಂತ ಅಷ್ಟೇ."

ಆಫೀಸಿಗೆ ಬಂದು ನಾನೇ ಎಲ್ಲ ಹೇಳುತ್ತೇನೆ, ಕೆಲಸ ವಾಪಸು ಸಿಗಬಹುದು ಎಂದೆ. ಬೇಡ ಎಂದು ಕೈ ಆಡಿಸಿದರು. ಅವರ ಜಾಗಕ್ಕೆ ಆಗಲೇ ಇನ್ನೊಬ್ಬ ನಿವೃತ್ತ ಸೈನಿಕ ಬಂದು ಸೇರಿಯಾಗಿತ್ತು. "ಅವನಿಗೂ ಸಂಸಾರ ಇದೆ. ಅವನನ್ನ ಎಬ್ಬಿಸಿ ನಾನು ಕೂರೋದಾ?"

ಬಟ್ಟೆ ಬಿಚ್ಚಿ ಪ್ರೀ-ಆಂಪನ್ನು ಅವರೇ ಜೋಡಿಸಿದರು. ನಾನು ನೆರವಿಗೆ ಕೈ ಚಾಚಿದೆ, ಆಗಲೇ ಅವರು ಮುಗಿಸಿದ್ದರು. ರೆಕಾರ್ಡ್ ಹಾಕಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ನಾನು ಒಂದು ರಟ್ಟಿನ ಪೆಟ್ಟಿಗೆಯ ಮೇಲೆ ಕೂತೆ. ಒಂದು ಬದಿ ಮುಗಿಯಿತು, ತಿರುವಿ ಹಾಕಿದರು. ಅರ್ಧ ಗಂಟೆ ದಾಟಿತು. ನನಗೆ ಹಾಡಿನ ಹೊರತು ಬೇರೇನೂ ಕೇಳಿಸುತ್ತಿರಲಿಲ್ಲ. ಅವರು ಎಡಕ್ಕೆ ತಲೆ ವಾಲಿಸಿ ಕಣ್ಣು ಮುಚ್ಚಿದರು. ಹುಬ್ಬು ಕೂಡಿತು. ಏನೋ ಕೇಳಿಸುತ್ತಿರಬೇಕು, ಅಥವಾ ಕೇಳಿಸುತ್ತಿದೆಯೇ ಎಂಬ ಅನುಮಾನ ಬಂದಿರಬೇಕು. ನನ್ನನ್ನು ಕೇಳಲಿ ಎಂದು ನಾನು ಕಾದೆ. ಏನೂ ಇಲ್ಲ ಸಾರ್, ಈ ಸಲ ನಿಜವಾಗಿಯೂ ಇಲ್ಲ ಎಂದು ಹೇಳಲು ಮಾತು ಸಿದ್ಧವಾಗಿತ್ತು.

ಅವರು ಕಣ್ಣು ತೆರೆದು, ನನ್ನನ್ನು ದಾಟಿ, ಪಾತ್ರೆ ಸುತ್ತುತ್ತಿದ್ದವನ ಕಡೆ ತಿರುಗಿ, ಎಡಗಡೆಯಿಂದ ಏನಾದರೂ ಚಟಚಟ ಕೇಳಿಸುತ್ತದೆಯೇ ಎಂದು ಕೇಳಿದರು.

"ಭಯ್ಯಾ, ಜರಾ ಇಧರ್ ಆನಾ. ಇಸ್ ತರಫ್ ಸೇ ಕುಛ್ ಚಟ್‌ಚಟ್ ಸುನಾಯೀ ದೇತಾ ಹೈ?"

ಅವನು ಕೈಯಲ್ಲಿ ಕಾಗದ ಹಿಡಿದುಕೊಂಡೇ ಬಂದು ಎಡಗಡೆಯ ಸ್ಪೀಕರಿಗೆ ಕಿವಿ ಹಚ್ಚಿ ಕೂತ. "ನಹೀಂ ಸಾಬ್. ಸಿರ್ಫ್ ಗಾನಾ ಹೈ," ಬರೀ ಹಾಡಷ್ಟೇ ಎಂದ.

"ಪಕ್ಕಾ?"

"ಪಕ್ಕಾ, ಸಾಬ್."

ಮೇಜರ್ ಅವನ ಮುಖವನ್ನು ಒಮ್ಮೆ ನೋಡಿ, ಸರಿ ಎಂದು ತಲೆಯಾಡಿಸಿದರು.