ನಿಕ್ಕೋದ ಬೆಕ್ಕು, ಅಕ್ಕನ ಎಡಗೈ

ಬೀರುವಿನಲ್ಲಿ ಹಳೇ ಬಟ್ಟೆಯೊಳಗೆ ಸುತ್ತಿಟ್ಟಿದ್ದ ಬೆಕ್ಕನ್ನು ಹೋದ ವಾರ ಹೊರಗೆ ತೆಗೆದೆ. ಅಂಗೈಯಗಲದ ಗಂಧದ ಬೆಕ್ಕು, ಮುಂಗಾಲಿನ ಮೇಲೆ ಗಲ್ಲವಿಟ್ಟು ಮಲಗಿದೆ. ಮೂಗಿನ ಹತ್ತಿರ ಹಿಡಿದರೆ ಏನೂ ವಾಸನೆ ಬರಲಿಲ್ಲ. ತಳದಲ್ಲಿ ಉಗುರಿನಿಂದ ಒಂಚೂರು ಕೆರೆದೆ... ಗಂಧದ ಜೊತೆ ಅಕ್ಕನೂ ಎದ್ದು ಬಂದಳು.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ಸಾಗರದಲ್ಲಿ ನಮ್ಮ ಎದುರು ಮನೆಯವಳು, ಗಂಧದ ಕೆತ್ತನೆ ಮಾಡುವ ಮನೆತನದ ಸೊಸೆ. ಆ ಮನೆಯಲ್ಲಿ ಹೆಂಗಸರು ಮದುವೆಗೆ ಬೆಂಡಿನ ಬಾಸಿಂಗ ಕಟ್ಟಬೇಕು, ಗಂಡಸರು ಕೆತ್ತಿದ್ದನ್ನು ಉಜ್ಜಿ ನುಣುಪು ಮಾಡಬೇಕು. ಹೆಂಗಸರು ಉಳಿ ಮುಟ್ಟುವ ಹಾಗಿಲ್ಲ. ಅಕ್ಕನ ಗಂಡ ಗುಟ್ಟಾಗಿ ಕಲಿಸಿ, ಬೇಗ ತೀರಿಕೊಂಡ. ಕಲಿತ ಕೈ ಸುಮ್ಮನಿರಬೇಕಲ್ಲ? ಅದೂ ಎಡಗೈ! ಚಿಕ್ಕಂದಿನಲ್ಲಿ ಬರೆ ಹಾಕಿದರೂ ಬಲಗೈ ಅವಳಿಗೆ ಒಗ್ಗಲಿಲ್ಲವಂತೆ.

ಅವಳು ಬೀದಿಗೆ ಕಾಣದ ಹಾಗೆ ಹಿಂದಿನ ಕೋಣೆಯಲ್ಲಿ ಕೂತು ಕೆತ್ತುತ್ತಿದ್ದಳು, ಮಾಲು ಬರುತ್ತದಲ್ಲ ಅಂತ ಮನೆಯವರೂ ಕಂಡೂ ಕಾಣದ ಹಾಗಿದ್ದರು. ಆನೆ, ನವಿಲು, ಗಣಪತಿ, ಕೊಳಲಿನ ಕೃಷ್ಣ... ಕಣ್ಣೊಂದನ್ನು ಬಿಟ್ಟು ಎಲ್ಲ. ಕಣ್ಣು ಬಿಡಿಸುವುದು ಆ ಮನೆಯಲ್ಲಿ ಹಿರಿಯ ಗಂಡಸಿನ ಬಲಗೈಗೆ ಸೇರಿದ ಕೆಲಸ. ಎಡಗೈಯಲ್ಲಿ ಬಿಡಿಸಿದರೆ ದೇವರು ಓರೆಗಣ್ಣಾಗುತ್ತಾನೆ ಅಂತ ನಂಬಿಕೆ. ಕೊನೆಗೆ ಅವಳ ಭಾವ, ಗಂಡನ ಅಣ್ಣ, ಬಂದು ಎರಡು ಗೀರು ಎಳೆಯುತ್ತಿದ್ದ, ಅಲ್ಲಿಗೆ ಮೂರ್ತಿ ಭಾವನದು. ಕಣ್ಣು ಬಿಡಿಸಿದವನದೇ ಕೆಲಸ ಅನ್ನುವುದು ಅಲ್ಲಿಯ ಕಟ್ಟಳೆ. ಒಂದೇ ಒಂದು ಗೊಂಬೆಯಾದರೂ ತನ್ನದು ಅನ್ನಿಸಿಕೊಳ್ಳಬೇಕು ಅಂತ ಅಕ್ಕನಿಗೆ ಆಸೆ. ನನ್ನ ಹತ್ತಿರ ಮಾತ್ರ ಹೇಳಿಕೊಂಡಿದ್ದಳು. ಕೇಳಿ ನನಗೆ ಭಾವನ ಮೇಲೆ ಸಿಟ್ಟು ಬಂದಿತ್ತು. ಆದರೆ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರಮ್ಮನಾಗಿದ್ದ ನಾನು ಬಾಯಿ ಬಿಡುತ್ತಿದ್ದುದು ಕ್ಲಾಸಿನಲ್ಲಿ ಮಾತ್ರ.

ನಾನು ರಿಟೈರ್ ಆದ ವರ್ಷ ತೀರ್ಥಹಳ್ಳಿ, ಹೊಸನಗರದ ಕಡೆಯ ಒಂದಿಷ್ಟು ಮೇಷ್ಟ್ರುಗಳು ಸೇರಿ ಜಪಾನಿಗೆ ಹೊರಟರು. ನಾನೂ ಹೆಸರು ಕೊಟ್ಟೆ. ಅಕ್ಕ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಮರದ ಕೆಲಸ ಇದೆಯಾ ಅಂತ. ಗುಡಿಗೆ ಗುಡಿಯೇ ಮರದ್ದು ಅಂದೆ. ಮರುವಾರ ಅವಳ ಕೈಯಲ್ಲಿ ಬಂಗಾರದ ಬಳೆ ಇರಲಿಲ್ಲ.

"ಉಳಿ ಹಿಡಿಯೋಕೆ ಅಡ್ಡ ಬರ್ತಿದ್ವು, ಮಾರ್ಬಿಟ್ಟೆ" ಅಂದಳು.

ಆ ದುಡ್ಡನ್ನು ಟೂರಿಗೆ ಕಟ್ಟಿದಳು. ಅವಳ ಮನೆಯಲ್ಲಿ ರಂಪವೋ ರಂಪ. ಅವಳು ಅವಲಕ್ಕಿ, ಉಪ್ಪಿನಕಾಯಿ ಕಟ್ಟಿಕೊಂಡು ಹೊರಟೇಬಿಟ್ಟಳು.

ಫ್ಯೂಜಿ ಪರ್ವತ ನಮಗೆ ಮುಖ ತೋರಿಸಲಿಲ್ಲ, ಬರೀ ಮೋಡ. ಎಲ್ಲರೂ ಸಪ್ಪೆಯಾದರು. "ಆಗುಂಬೆಗೆ ಸೂರ್ಯಾಸ್ತ ನೋಡೋಕೆ ಹೋದೋರೂ ಹಿಂಗೇ ವಾಪಸ್ ಬರೋದು, ಬನ್ನಿ" ಅಂತ ಅಕ್ಕನೇ ಸಮಾಧಾನ ಹೇಳಿದಳು. ನಾರಾ ಅನ್ನುವ ಊರಿನಲ್ಲಿ ಜಿಂಕೆಗಳು ಬಿಸ್ಕತ್ತಿಗೆ ತಲೆ ಬಾಗಿಸುತ್ತಿದ್ದವು. ನಮ್ಮವರೆಲ್ಲ ಫೋಟೊ ತೆಗೆಸಿಕೊಳ್ಳುತ್ತಿರುವಾಗ ಇವಳು ದೊಡ್ಡ ಬುದ್ಧನ ಗುಡಿಯೊಳಗೆ ಒಂದು ಕಂಬಕ್ಕೆ ಮೂಗು ಹಚ್ಚಿ ನಿಂತಿದ್ದಳು! ಯಾವ ಮರವಾದರೂ ಉಗುರಿನಿಂದ ಕೆರೆದು ಮೂಸುವುದು ಅವರ ಕಸುಬಿನವರ ಅಭ್ಯಾಸ. ಉಗುರು ತಾಗುವುದರೊಳಗೆ ಕಾವಲುಗಾರ ಓಡಿ ಬಂದ. ನಮ್ಮ ಟೂರ್ ಮ್ಯಾನೇಜರ್, ಕೋಲಿಗೆ ಬಾವುಟ ಕಟ್ಟಿಕೊಂಡು ನಮ್ಮನ್ನು ದನ ಹೊಡೆದ ಹಾಗೆ ಹೊಡೆಯುತ್ತಿದ್ದ ಮಹಾಶಯ, ಕ್ಷಮೆ ಕೇಳಿ ಅಂತ ಕೂಗಾಡಿದ.

"ಕೆರೆಯೋಕೆ ಹೋಗಿದ್ದಕ್ಕೆ ಕೇಳ್ತೀನಿ. ಮೂಸಿದ್ದಕ್ಕೆ ಕೇಳಲ್ಲ" ಅಂದಳು ಅಕ್ಕ. ನಾನು ಮೊದಲಿನದನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳಿ ಪಾರಾದೆ.

ಆಮೇಲೆ ನಿಕ್ಕೋ. ಆಕಾಶಕ್ಕೆ ಹೋದ ಮರಗಳ ನಡುವೆ ಬಣ್ಣ ಬಂಗಾರದ ಗುಡಿಗಳು. ಒಂದು ಬಾಗಿಲ ಮೇಲೆ ಮಲಗಿದ ಬೆಕ್ಕಿನ ಕೆತ್ತನೆ, ಅದನ್ನು ನೋಡಲು ಕತ್ತೆತ್ತಿ ನಿಂತ ಜನವೋ ಜನ. ಬೆಕ್ಕು ನೋಡಿದರೆ ಇಷ್ಟೇ ಇಷ್ಟು! "ನಮ್ಮನೆ ಬೆಕ್ಕು ಇದಕ್ಕಿಂತ ಚೆನ್ನಾಗಿ ಮಲಗುತ್ತೆ" ಅಂತ ಅಕ್ಕ ಮುಂದೆ ಹೊರಟಿದ್ದಳು. ಅಷ್ಟರಲ್ಲಿ ಗೈಡ್ ಹುಡುಗಿ, ಇದನ್ನು ಕೆತ್ತಿದವನು ಎಡಗೈಯವನು ಅಂತ ಕಥೆಯಿದೆ ಅಂದಳು. ನಾನು ಕನ್ನಡದಲ್ಲಿ ಹೇಳಿದೆ.

ಅಕ್ಕ ನಿಂತಳು. ಎಷ್ಟೋ ಹೊತ್ತು ಬೆಕ್ಕನ್ನೇ ನೋಡಿದಳು. ಮ್ಯಾನೇಜರ್ ಬಾವುಟ ಆಡಿಸಿದ, ಬಸ್ಸು ಹೊರಡುತ್ತದೆ ಅಂದ. ಅವಳು ಕದಲಲಿಲ್ಲ. ಸುತ್ತ ಎಲ್ಲರೂ ನಮ್ಮನ್ನೇ ನೋಡತೊಡಗಿದಾಗ ನಾನು ಅವಳ ಸೆರಗು ಹಿಡಿದು ಎಳೆದೆ. ನಾಚಿಕೆಯಾಗುತ್ತದೆ, ಆದರೂ ಎಳೆದದ್ದು ನಿಜ. ಅವಳು ಸೆರಗು ಬಿಡಿಸಿಕೊಂಡು, ಉತ್ತರ ಗೊತ್ತಿರುವ ಮಕ್ಕಳು ಕ್ಲಾಸಿನಲ್ಲಿ ಕೈಯೆತ್ತುವ ಹಾಗೆ ಎಡಗೈ ಎತ್ತಿದಳು.

"ನಂದೂ ಎಡಗೈ ಅಂತ ಹೇಳು ಆ ಹುಡುಗಿಗೆ" ಅಂದಳು.

ಹೇಳಿದೆ. ಹುಡುಗಿ ಬಗ್ಗಿ ನಮಸ್ಕರಿಸಿದಳು. ಅಲ್ಲಿ ಅವರು ಎಲ್ಲರಿಗೂ ಬಗ್ಗುತ್ತಾರೆ ಅನ್ನುವುದು ಅಕ್ಕನಿಗೂ ಗೊತ್ತಿತ್ತು. ಆದರೂ ಬಸ್ಸಿನಲ್ಲಿ ಕೂತ ಮೇಲೆ ಅವಳ ಮುಖದಲ್ಲಿದ್ದ ಕಳೆಯನ್ನು ನಾನು ಮತ್ತೆಂದೂ ನೋಡಲಿಲ್ಲ.

ಊರಿಗೆ ಬಂದ ಮೂರನೇ ದಿನ ಅಕ್ಕ ಮಣೆ ತಂದು ಎದುರಿನ ಜಗಲಿಯಲ್ಲಿ ಹಾಕಿದಳು. ಬೀದಿಗೆ ಕಾಣುವ ಹಾಗೆ, ಹಾಡಹಗಲು, ಎಡಗೈಯಲ್ಲಿ ಉಳಿ. ನಾನು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ವಾರ ಕಳೆದು ಬೆಕ್ಕು ಮುಗಿಯುವ ಹೊತ್ತಿಗೆ ಭಾವ ಸಣ್ಣ ಉಳಿ ಹಿಡಿದು ಬಂದ. ಬೀದಿಗೆಲ್ಲ ಕೇಳುವ ಹಾಗೆ ಅಕ್ಕ ಹೇಳಿದ್ದು ಇಷ್ಟು.

"ಇದು ಮಲಗಿದೆ ಭಾವ. ಕಣ್ಣು ಬಿಡಿಸೋ ಹಂಗಿಲ್ಲ. ನಿಮ್ಮ ಬಲಗೈಗೆ ಇಲ್ಲಿ ಕೆಲಸ ಇಲ್ಲ."

ಆಮೇಲೆ ಅವಳು ಕೆತ್ತಿದ್ದೆಲ್ಲ ಮಲಗಿದ್ದೇ. ಮಲಗಿದ ಕರು, ಮಲಗಿದ ನಾಯಿ, ತೊಟ್ಟಿಲಲ್ಲಿ ಮಲಗಿದ ಕೃಷ್ಣ. ಹಟವೆಂದರೆ ಅದು! ಎಲ್ಲ ಯಾರ್‍ಯಾರ ಮನೆ ಸೇರಿದವೋ... ಮೊದಲ ಬೆಕ್ಕನ್ನು ಮಾತ್ರ ನನ್ನ ಮಡಿಲಿಗೆ ಹಾಕಿದಳು. ಸೆರಗು ಎಳೆದವಳಿಗೇ ಕೊಟ್ಟಳಲ್ಲ!

ಅಕ್ಕ ಹೋಗಿ ಮೂರು ವರ್ಷವಾಯಿತು. ಹೋದ ವಾರ ಭಾವನ ಮಗ ನಮ್ಮ ಮನೆಗೆ ಬಂದಿದ್ದ. ಹೊಸ ಅಂಗಡಿ ತೆರೆಯುತ್ತಾರಂತೆ, ಗಾಜಿನ ಪೆಟ್ಟಿಗೆಯಲ್ಲಿ ಮನೆತನದ ಹಳೇ ಕೆಲಸ ಇಡುತ್ತಾರಂತೆ, ಈ ಬೆಕ್ಕೂ ಬೇಕಂತೆ. ಅದಕ್ಕೇ ನಾನು ಬೆಕ್ಕನ್ನು ಹೊರಗೆ ತೆಗೆದದ್ದು. ಕೆಳಗೆ ಅವಳ ಹೆಸರು ಬರೆಯುತ್ತೀರಾ ಅಂತ ಕೇಳಿದೆ. ಅವನು ತಲೆ ಕೆರೆದುಕೊಂಡ.

"ಅಪ್ಪ ಒಪ್ಪಲ್ಲ ಟೀಚರ್. ಕಣ್ಣಿನ ಕೆಲಸ ಬಾಕಿ ಇದೆಯಂತೆ. ಕೊಟ್ರೆ ಅವರೇ ಪೂರ್ತಿ ಮಾಡ್ತಾರಂತೆ" ಅಂದ.

ಕಾಫಿ ಕುಡಿಸಿ ಕಳಿಸಿದೆ, ಬರಿಗೈಯಲ್ಲಿ.

ಬೆಕ್ಕು ಈಗ ಬೀರುವಿನಲ್ಲಿಲ್ಲ. ಬೀದಿ ಕಡೆಯ ಕಿಟಕಿಯಲ್ಲಿ, ಅವರ ಜಗಲಿಗೆ ಎದುರಾಗಿ ಇಟ್ಟಿದ್ದೇನೆ. ಕೆಳಗೆ ರಟ್ಟಿನ ಮೇಲೆ ಅಕ್ಕನ ಹೆಸರು ದಪ್ಪಕ್ಷರದಲ್ಲಿ ಬರೆದಿದ್ದೇನೆ. ಆ ಜಗಲಿಯಲ್ಲಿ ಮಣೆ ಹಾಕಿ ಕೂರುವವಳು ಇನ್ನು ಬರುವುದಿಲ್ಲ. ಯಾರಾದರೂ ಬಂದು ಇದೇನು, ಕೆಲಸ ಅರ್ಧಕ್ಕೇ ನಿಂತಿದೆಯಲ್ಲ ಅಂದರೆ, ಇಲ್ಲ, ಮುಗಿದಿದೆ ಅನ್ನುತ್ತೇನೆ. ಬೀದಿಗೆಲ್ಲ ಕೇಳುವ ಹಾಗೆ ಅನ್ನುತ್ತೇನೆ.